ಒಂದೇ ಎಳೆತಕ್ಕೆ ಎರಡು ಗುಂಡು

ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ವಯೋಮಿಂಗ್‌ನ ಆ ಬಯಲಿನಲ್ಲಿ ಇಬ್ಬನಿ ಮೊದಲ ಸಲ ಗಟ್ಟಿಯಾಗಿ ಹುಲ್ಲಿನ ಮೇಲೆ ಕೂತಿದ್ದ ಸೋಮವಾರ ಅದು. ಬಿಸಿಲು ಇನ್ನೂ ಹುಲ್ಡಾಳ ಅಡುಗೆಮನೆಯ ಕಿಟಕಿಗೆ ಏರಿರಲಿಲ್ಲ. ಕ್ಲೆಮ್ ಎಂದಿನಂತೆ ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಬಾಣಲೆಯಲ್ಲಿ ಎಲ್ಕ್ ಜಿಂಕೆಯ ಮಾಂಸದ ಸಾಸೇಜು ಚುರುಗುಟ್ಟುತ್ತಿತ್ತು. ಅದನ್ನು ತಂದುಕೊಟ್ಟವನು ಬಂದೂಕು ರಿಪೇರಿಯ ಲೊವೆಲ್ ಎಂದು ಗೊತ್ತಾದ ಮೇಲೆ ಕ್ಲೆಮ್ ಹಸಿವಿಲ್ಲವೆಂದು ತಟ್ಟೆ ದೂರ ತಳ್ಳಿದ್ದ.

ಹುಲ್ಡಾ ಒಂದು ಕಾಲಕ್ಕೆ ಶೆರಿಫ್ ಕಚೇರಿಯಲ್ಲಿ ಕೆಲಸ ಮಾಡಿದವಳು. ನಿವೃತ್ತಿಯಾದ ಮೇಲೂ ಊರಿನವರು ಮೊದಲು ಬರುವುದು ಅವಳ ಬಾಗಿಲಿಗೇ. ಯಾರ ಬೇಲಿಯನ್ನು ಯಾರು ಸರಿಸಿದರು, ಚರ್ಚಿನ ನಾಯಿಗೆ ವಿಷ ಹಾಕಿದವರು ಯಾರು, ಇಂಥವನ್ನೆಲ್ಲ ಆ ಅಡುಗೆಮನೆಯ ಮೇಜಿನ ಮುಂದೆಯೇ ಬಿಡಿಸಿದ್ದಳು. ಕಣ್ಣಿಗೆ ಪೊರೆ ಬಂದು ಅವಳು ಗಾಡಿ ಓಡಿಸುವುದನ್ನು ಬಿಟ್ಟ ಮೇಲೆ ಹೋದಲ್ಲೆಲ್ಲ ಕ್ಲೆಮ್‌ನ ಪಿಕಪ್ಪೇ ಗತಿ. ಅವನು ಶಾಲಾ ಬಸ್ಸು ಓಡಿಸಿ ಮುದುಕನಾದವನು, ಹೆಂಡತಿ ಇಲ್ಲದವನು. ಹುಲ್ಡಾಳ ಯೋಚನೆ ಮೊದಲು ಬೀಳುವುದು ತನ್ನ ಕಿವಿಗೆ ಎನ್ನುವುದೊಂದೇ ಅವನಿಗೆ ಉಳಿದಿದ್ದ ಹೆಮ್ಮೆ. ಈಚೆಗೆ ಲೊವೆಲ್ ಅಲ್ಲಿಗೆ ಬಂದು ಕೂರತೊಡಗಿದ್ದು ಅವನ ಹೊಟ್ಟೆಯಲ್ಲಿ ಬೆಂಕಿ ಇಟ್ಟಿತ್ತು.

ಬಾಗಿಲು ತಟ್ಟಿದವಳು ಆಲ್ಮಾ. ಉಗುರಿನ ಸಂದಿಯಲ್ಲಿ ಎಣ್ಣೆ ಕಪ್ಪು, ನಿದ್ದೆ ಕಾಣದ ಕಣ್ಣು. ಕೂರು ಎಂದರೂ ಕೂರಲಿಲ್ಲ.

"ಮಿಸ್ ಹುಲ್ಡಾ, ನಾಳೆ ಸಾಯಂಕಾಲ ರೈಫಲ್ ಕ್ಲಬ್ಬಲ್ಲಿ ಸಭೆ ಇದೆ. ಇನ್ಮುಂದೆ ಈ ಸೀಮೇಲಿ ಯಾರೂ ರಿಪೇರಿಗೆ ನನ್ನ ಕೈಗೆ ಬಂದೂಕು ಕೊಡಬಾರ್ದು ಅಂತ ತೀರ್ಮಾನ ಮಾಡ್ತಾರಂತೆ. ಆ ಕೆಲಸ ನಂದಲ್ಲ. ನಂದಲ್ಲ ಅಂದ್ರೆ ಯಾರೂ ಕೇಳೋರಿಲ್ಲ."

ಆಲ್ಮಾಳದು ಬಂದೂಕಿನ ಟ್ರಿಗರ್ ಹದ ಮಾಡುವ ಕೆಲಸ. ಒಂದು ಎಳೆತಕ್ಕೆ ಒಂದು ಗುಂಡು ಹಾರಿ ಮುಂದಿನದು ತಾನೇ ಬಂದು ಕೂರುವ ರೈಫಲ್‌ಗಳು ಅಂಗಡಿಯಿಂದ ಬರುವಾಗ ಅವುಗಳ ಟ್ರಿಗರ್ ಒರಟಾಗಿರುತ್ತದೆ. ಎಳೆದರೆ ಮರಳಿನ ಮೇಲೆ ಪೆಟ್ಟಿಗೆ ಜಗ್ಗಿದ ಹಾಗೆ. ಒಳಗೊಂದು ಪುಟ್ಟ ಸುತ್ತಿಗೆ, ಅದನ್ನು ಹಿಡಿದಿಡುವುದಕ್ಕೆ ಒಂದು ಕೊಕ್ಕೆ. ಆ ಕೊಕ್ಕೆಯ ಅಂಚನ್ನು ಸಾಣೆಕಲ್ಲಿಗೆ ಕೊಟ್ಟು, ಬೆಣ್ಣೆಯಲ್ಲಿ ಕೂದಲು ಎಳೆದಂತೆ ಮಾಡುವುದು ಅವಳ ಕಲೆ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿದಿರುವುದೇ ಅದರ ಗುಟ್ಟು. ಅಂಚು ಅತಿಯಾಗಿ ಸವೆದರೆ ಕೊಕ್ಕೆಯ ಹಿಡಿತ ತಪ್ಪಿ, ಒಂದು ಎಳೆತಕ್ಕೆ ಎರಡು ಗುಂಡು ಹಾರುತ್ತವೆ.

ಭಾನುವಾರದ ಪಂದ್ಯದಲ್ಲಿ ಆದದ್ದು ಅದೇ. ರೈಫಲ್ ಆಲ್ಮಾಳ ಗಂಡ ವೇಡ್‌ನದು. ಊರಿನ ಚಾಂಪಿಯನ್ ಅವನೇ. ನಿಂತು ಗುರಿಯಿಟ್ಟು ಮೊದಲ ಸಲ ಟ್ರಿಗರ್ ಎಳೆದ. ಎರಡು ಸದ್ದು ಕೇಳಿಸಿದವು. ಮೊದಲ ಗುಂಡಿನ ಒದೆತಕ್ಕೆ ನಳಿಗೆ ಮೇಲೆದ್ದಿತ್ತು; ಎರಡನೆಯದು ಗುಂಡು ತಡೆಯುವ ಮಣ್ಣಿನ ದಿಬ್ಬವನ್ನು ದಾಟಿ ಹೋಗಿ, ಆಚೆ ಮೇಯುತ್ತಿದ್ದ ರಾಯ್ಸ್‌ನ ತಳಿ ಹೋರಿಯನ್ನು ಕೊಂದು ಬೀಳಿಸಿತು. ಕ್ಲಬ್ಬಿನ ನೆಲವೂ ರಾಯ್ಸ್‌ನದೇ. ಇವತ್ತು ಹೋರಿ, ನಾಳೆ ನನ್ನ ಮೊಮ್ಮಗಳು ಎಂದು ಅವನು ಕೂಗಿದ್ದನ್ನು ಕ್ಲೆಮ್ ಕಿವಿಯಾರೆ ಕೇಳಿದ್ದ.

ಹುಲ್ಡಾಳಿಗೂ ಇದರಲ್ಲಿ ಪಾಲಿತ್ತು. ಎಳೆತ ತೀರ ಹಗುರಾಗಿರಬಾರದೆಂಬ ನಿಯಮಕ್ಕೆ, ಪಂದ್ಯದ ಬೆಳಿಗ್ಗೆ ಎಲ್ಲರ ಟ್ರಿಗರನ್ನೂ ತೂಗುವವಳು ಅವಳೇ. ನಳಿಗೆ ಮೇಲೆ ಮಾಡಿ, ಟ್ರಿಗರಿಗೆ ನಾಲ್ಕೂವರೆ ಪೌಂಡಿನ ಕಬ್ಬಿಣದ ತೂಕವನ್ನು ಸಿಕ್ಕಿಸಿ ಮೇಜಿನಿಂದ ಎತ್ತಿಸುತ್ತಾಳೆ. ಸುತ್ತಿಗೆ ಬೀಳದಿದ್ದರೆ ಪಾಸು. ವೇಡ್‌ನ ರೈಫಲ್ ಪಾಸಾಗಿತ್ತು.

"ನೀನು ಕೊನೇಲಿ ಅದನ್ನ ಮುಟ್ಟಿದ್ದು ಯಾವಾಗ?" ಎಂದು ಹುಲ್ಡಾ ಕೇಳಿದಳು.

ಪಂದ್ಯಕ್ಕೂ ಹಿಂದಿನ ಭಾನುವಾರ ಎಂದಳು ಆಲ್ಮಾ. ಕೆಲಸ ಮುಗಿಸಿ, ವೇಡ್‌ನ ಕೈಯಲ್ಲಿ ಬೀಗ ತೆಗೆಸಿ, ಕ್ಲಬ್ಬಿನ ಕಬ್ಬಿಣದ ಬೀರುವಿನಲ್ಲಿ ಇಟ್ಟು ಬಂದಿದ್ದಳು. ಅದರ ಬೀಗದ ಕೈ ಇರುವುದು ತಂಡದ ಮೂವರ ಹತ್ತಿರ: ವೇಡ್, ಅವನ ಹಿಂದೆ ಯಾವಾಗಲೂ ಎರಡನೆಯ ಸ್ಥಾನಕ್ಕೇ ನಿಲ್ಲುವ ಡಾರೆಲ್, ಮತ್ತೆ ಲೊವೆಲ್. ವಾರವೆಲ್ಲ ವೇಡ್ ಸಾಯಂಕಾಲ ಊಟ ಮುಗಿಸಿ ಅಭ್ಯಾಸಕ್ಕೆಂದು ಕ್ಲಬ್ಬಿಗೆ ಹೋಗುತ್ತಿದ್ದ ಎಂದೂ ಹೇಳಿದಳು.

"ಮನೇಲಿ ಏನಂತಾನೆ ವೇಡ್?"

ಆಲ್ಮಾ ಕಿಟಕಿಯ ಕಡೆ ತಿರುಗಿದಳು. "ಮನುಷ್ಯರ ಕೈ ಒಂದ್ಸಲ ತಪ್ಪುತ್ತೆ, ಬಿಡು ಅಂತಾನೆ. ಒಳ್ಳೆ ಮಾತಲ್ಲೇ ಹೇಳ್ತಾನೆ. ನಂಗೆ ಅದೇ ತಡ್ಕೊಳೋಕಾಗ್ತಿಲ್ಲ."

ಲೊವೆಲ್‌ನ ಹೆಸರು ಬಂದಾಗಲೇ ಕ್ಲೆಮ್ ಮನಸ್ಸಿನಲ್ಲಿ ಖಟ್ಲೆ ಮುಗಿಸಿಬಿಟ್ಟಿದ್ದ. ಆಲ್ಮಾಳಿಗೆ ಕೆಲಸ ಕಲಿಸಿದವನೇ ಲೊವೆಲ್. ಕಲಿತವಳು ಗುರುವನ್ನು ಮೀರಿದಳು. ಗಿರಾಕಿಗಳು ಒಬ್ಬೊಬ್ಬರಾಗಿ ಅವನ ಅಂಗಡಿ ಬಿಟ್ಟು ಇವಳಲ್ಲಿಗೆ ಬಂದರು. ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು? ಪಿಕಪ್ ಹತ್ತಿದ ಕೂಡಲೇ ಹಾಗೆಂದ. ಹುಲ್ಡಾ ಸೀಟಿನ ಪಟ್ಟಿ ಎಳೆದುಕೊಳ್ಳುತ್ತ, "ಸಾಸೇಜು ಯಾಕೆ ತಿನ್ನಲಿಲ್ಲ ನೀನು?" ಎಂದಳು. ಕ್ಲೆಮ್ ಗಾಡಿ ಚಾಲೂ ಮಾಡಿದ.

ಮೊದಲು ಹೋದದ್ದು ರಾಯ್ಸ್‌ನ ಮನೆಗೆ. ಅವನು ಅಂಗಳದಲ್ಲೇ ನಿಂತು ಬೈಗುಳ ಮುಗಿಸುವ ತನಕ ಹುಲ್ಡಾ ಕಾದಳು. ಆಮೇಲೆ, ಆ ಹೋರಿ ಸಾಮಾನ್ಯವಾಗಿ ಹೊಳೆಯ ಆಚೆಗಿರುತ್ತದಲ್ಲ, ದಿಬ್ಬದ ಹಿಂದೆ ಯಾಕೆ ಬಿಟ್ಟೆ ಎಂದು ಕೇಳಿದಳು. ರಾಯ್ಸ್ ಹೇಳಿದ: ಅದು ಬಂದೂಕಿನ ಸದ್ದಿಗೆ ಬೆದರುವ ಪ್ರಾಣಿ, ಆ ಕಡೆ ಬಿಡುವುದೇ ಇಲ್ಲ. ಆದರೆ ಕಳೆದ ವಾರ ಸಾಯಂಕಾಲಗಳೆಲ್ಲ ಒಂದು ಸದ್ದೂ ಇಲ್ಲದೆ ತಣ್ಣಗಿದ್ದವು. ಅಲ್ಲಿ ಹುಲ್ಲೂ ಚೆನ್ನಾಗಿತ್ತು, ಬಿಟ್ಟ. ಭಾನುವಾರ ಪಂದ್ಯವಿದೆ ಎಂದು ನೆನಪಾದಾಗ ಹೊಡೆದುಕೊಂಡು ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ಡಾರೆಲ್ ಮರದ ಮಿಲ್ಲಿನಲ್ಲಿ ಸಿಕ್ಕ. ನಗುನಗುತ್ತಲೇ ಮಾತಾಡಿದ. ವೇಡ್ ಸೋತದ್ದಕ್ಕೆ ತನಗೆ ಬೇಜಾರಿಲ್ಲ, ಸುಳ್ಳು ಯಾಕೆ ಹೇಳಲಿ ಎಂದ. "ಅವ್ನು ಗುರಿಗಾರ ಏನಲ್ಲ ಮಿಸ್ ಹುಲ್ಡಾ. ಆ ಟ್ರಿಗರ್ ನಂಗಿದ್ದಿದ್ರೆ ನಾನೂ ಚಾಂಪಿಯನ್ನೇ. ಬಹುಮಾನದ ಕಪ್ ಕೊಡೋದಾದ್ರೆ ಹೆಂಡ್ತಿಗೆ ಕೊಡಿ ಅಂತ ನಾನು ಅವನ ಮುಖಕ್ಕೇ ಹೇಳಿದೀನಿ. ಊರೆಲ್ಲ ಹೇಳುತ್ತೆ."

"ಅದಕ್ಕೆ ವೇಡ್ ಏನಂತಿದ್ದ?"

"ನಗ್ತಿದ್ದ. ಈಗೀಗ ನಗೋದು ಬಿಟ್ಟಿದ್ದ."

ಲೊವೆಲ್ ಕ್ಲಬ್ಬಿನಲ್ಲೇ ಇದ್ದ. ರೈಫಲನ್ನು ಭಾನುವಾರವೇ ಬಿಚ್ಚಿ ನೋಡಿ, ಕೊಕ್ಕೆ ಸವೆದಿದೆ ಎಂದು ಕ್ಲಬ್ಬಿನ ಸಮಿತಿಗೆ ಹೇಳಿದವನು ಅವನು. ಹುಲ್ಡಾ ತನ್ನ ಮುಂದೆ ಇನ್ನೊಮ್ಮೆ ಬಿಚ್ಚಲು ಹೇಳಿದಳು. ಅವನು ಮೇಲಿನ ಅರ್ಧವನ್ನು ಕೆಳಗಿನದರಿಂದ ಬೇರೆ ಮಾಡಿದ. ಹೆಬ್ಬೆರಳನ್ನು ಸುತ್ತಿಗೆಯ ಮುಂದೆ ಒತ್ತಿ ಹಿಡಿದು ಟ್ರಿಗರ್ ಎಳೆದು, ಸುತ್ತಿಗೆಯನ್ನು ಮಗುವನ್ನು ಮಲಗಿಸಿದ ಹಾಗೆ ಮೆಲ್ಲಗೆ ಇಳಿಸಿದ. ಯಾಕೆ ಹಾಗೆ ಎಂದು ಕ್ಲೆಮ್ ಕೆಣಕಿದ.

"ಕೈ ಕೊಡದೆ ಬಿಟ್ರೆ ಸುತ್ತಿಗೆ ಹೋಗಿ ಬಂದೂಕಿನ ಒಳಗೋಡೆಗೆ ಬಡಿಯುತ್ತೆ. ಹಾಗೆ ಬಿಡೋನನ್ನ ನನ್ನ ಅಂಗಡಿ ಹೊಸ್ತಿಲು ದಾಟಕ್ಕೆ ಬಿಡಲ್ಲ. ಆಲ್ಮಾಗೆ ಮೊದಲ ದಿನ ಕಲ್ಸಿದ್ದೇ ಇದು."

ಹುಲ್ಡಾ ಟಾರ್ಚು ತರಿಸಿ, ಮೂಗು ತಾಗುವಷ್ಟು ಬಗ್ಗಿ ಒಳಗೆ ನೋಡಿದಳು, ಕ್ಲೆಮ್‌ಗೂ ತೋರಿಸಿದಳು. ಸುತ್ತಿಗೆಯ ಎದುರಿನ ಕಪ್ಪು ಒಳಗೋಡೆಯಲ್ಲಿ ಅರ್ಧಚಂದ್ರಾಕಾರದ ಬಡಿತದ ಗುರುತುಗಳು, ಒಂದರ ಮೇಲೊಂದು, ಹೊಸದಾಗಿ ಹೊಳೆಯುತ್ತಿದ್ದವು. ಕೊಕ್ಕೆಯ ಅಂಚು ಕನ್ನಡಿಯ ಹಾಗಿತ್ತು. ಕ್ಲೆಮ್‌ಗೆ ಅದರಲ್ಲಿ ತನ್ನ ಕಣ್ಣಿನ ಬಿಳುಪು ಕಂಡಿತು. ಅದರ ಮೇಲೆ ತೆಳ್ಳಗೆ ಹಳದಿ ಗ್ರೀಸು. ಜೇನುಮೇಣದ ವಾಸನೆ.

ಲೊವೆಲ್‌ನ ಕಿವಿಗಳು ಕೆಂಪಾದವು. ಜೇನುಮೇಣ ಹಾಕಿ ಗ್ರೀಸು ಕಾಯಿಸುವವನು ಆ ಸೀಮೆಗೆಲ್ಲ ಅವನೊಬ್ಬನೇ. ಕ್ರಿಸ್‌ಮಸ್‌ಗೆ ತಂಡದವರಿಗೆಲ್ಲ ಒಂದೊಂದು ಡಬ್ಬಿ ಹಂಚುತ್ತಾನೆ. ಆಲ್ಮಾ ಅದನ್ನು ಮುಟ್ಟುವುದಿಲ್ಲ. ಅವಳದು ಪೇಟೆಯ ಕೆಂಪು ಗ್ರೀಸು.

"ಸಮಿತಿಗೆ ಇದನ್ನ ಹೇಳಲಿಲ್ಲ ನೀನು," ಎಂದಳು ಹುಲ್ಡಾ.

"ಹೇಳಿದ್ರೆ ನನ್ನ ಕಡೆ ಬೆರಳು ಮಾಡ್ತಿದ್ರು." ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಒರೆಸಿಬಿಡೋಣ ಅನ್ನಿಸ್ತು ಹುಲ್ಡಾ. ಒರೆಸಲಿಲ್ಲ. ಆ ಹುಡುಗಿ ನನ್ನ ಗಿರಾಕಿಗಳನ್ನ ಕಿತ್ಕೊಂಡ್ಳು, ನಿಜ. ಅವಳ ಮಾತು ಬಂದ್ರೆ ನಂಗೆ ಅನ್ನ ಸೇರಲ್ಲ, ಅದೂ ನಿಜ. ಆದ್ರೆ ಇದು ಅವಳ ಕೈಯಲ್ಲ ಅಂತ ನಂಗೆ ನೋಡಿದ ಕೂಡ್ಲೆ ಗೊತ್ತಾಯ್ತು."

ನೀನು ಗೊತ್ತಿದ್ದೂ ಸುಮ್ಮನಿದ್ದೆ ಎಂದು ಕ್ಲೆಮ್ ಚುಚ್ಚಿದ. ಲೊವೆಲ್ ತಲೆ ತಗ್ಗಿಸಿದ. ಹುಲ್ಡಾ ಇಬ್ಬರನ್ನೂ ಬಿಟ್ಟು ಕೋಣೆಯ ಮೂಲೆಗೆ ಹೋಗಿದ್ದಳು. ಗೋಡೆಯ ಮೊಳೆಗೆ ಟ್ರಿಗರ್ ತೂಗುವ ಇನ್ನೊಂದು ಕಬ್ಬಿಣದ ತೂಕ ನೇತುಹಾಕಿತ್ತು. ಅದನ್ನು ಬಳಸಿ ವರ್ಷವಾಗಿತ್ತು. ಸುತ್ತಲಿನ ಸಾಮಾನಿನ ಮೇಲೆಲ್ಲ ದಪ್ಪನೆಯ ಧೂಳು. ತೂಕ ಮಾತ್ರ ಒರೆಸಿದ ಹಾಗೆ ಚೊಕ್ಕಟವಾಗಿತ್ತು.

ವೇಡ್‌ನನ್ನು ಕೊನೆಗೆ ಕಂಡರು. ಟ್ರಾಕ್ಟರ್ ಷೆಡ್ಡಿನಲ್ಲಿ ಕೆಲಸದ ಮೇಲಿದ್ದ. ಹುಲ್ಡಾಳಿಗೆ ಸ್ಟೂಲು ಒರೆಸಿ ಕೊಟ್ಟ. ಹೋರಿಯ ಬೆಲೆ ತಾನೇ ಕೊಡುತ್ತೇನೆ ಎಂದ. ಆಲ್ಮಾಳ ಬಗ್ಗೆ ಯಾರೂ ಕೆಟ್ಟದಾಗಿ ಆಡಬಾರದು, ಅವಳಿಗೆ ಸ್ವಲ್ಪ ಕಾಲ ಬಿಡುವು ಸಿಕ್ಕರೆ ಒಳ್ಳೆಯದೇ, ಮನೆಯ ಕಡೆಯೂ ಗಮನ ಕೊಟ್ಟಾಳು ಎಂದ. ಅವಳ ಅಂಗಡಿಯಲ್ಲಿ ಇದಕ್ಕೆ ಮೊದಲು ಹೀಗೇನಾದರೂ ಆದದ್ದುಂಟೇ ಎಂದು ಹುಲ್ಡಾ ಕೇಳಿದ್ದಕ್ಕೆ, ತಾನು ಆ ಅಂಗಡಿಯೊಳಗೆ ಹೋಗುವವನೇ ಅಲ್ಲ ಎಂದ. ಹುಲ್ಡಾ ಎದ್ದಾಗ ಅವನೂ ಎದ್ದು, ತಡೆಯಲಾರದವನಂತೆ ಹೇಳಿದ:

"ಎಲ್ರೂ ಎರಡನೇ ಗುಂಡಿನ ಮಾತೇ ಆಡ್ತಾರೆ. ಮೊದಲನೇದು ಗುರಿಯ ನಟ್ಟನಡುವೆ ಬಿದ್ದಿತ್ತು. ಅದನ್ನ ಯಾರಾದ್ರೂ ನೋಡಿದ್ರಾ?"

ಮನೆಗೆ ಬರುವ ದಾರಿಯಲ್ಲಿ ಕ್ಲೆಮ್ ತನ್ನ ವಾದವನ್ನು ಇನ್ನೊಮ್ಮೆ ಬಿಚ್ಚಿಟ್ಟ. ಗ್ರೀಸು ಲೊವೆಲ್‌ನದು, ಬೀಗದ ಕೈ ಅವನದು, ಸಂಕಟ ಅವನದು, ವಿಷಯ ಮುಚ್ಚಿಟ್ಟವನೂ ಅವನೇ. ಇನ್ನೇನು ಬೇಕು? ಹುಲ್ಡಾ ಕಣ್ಣು ಮುಚ್ಚಿಕೊಂಡೇ, "ಹೆಬ್ಬೆರಳು ಬೇಕು," ಎಂದಳು. ಕ್ಲೆಮ್‌ಗೆ ಅದೂ ಲೊವೆಲ್‌ನ ಪರ ವಹಿಸಿದಂತೆ ಕೇಳಿಸಿ ಮತ್ತಷ್ಟು ಉರಿಯಿತು.

ಮಂಗಳವಾರ ಹೊತ್ತಿಳಿಯುವಾಗ ಕ್ಲಬ್ಬಿನ ಹಜಾರದಲ್ಲಿ ಮಡಚುವ ಕುರ್ಚಿಗಳೆಲ್ಲ ತುಂಬಿದವು. ಆಲ್ಮಾ ಒಬ್ಬಳೇ ಮುಂದಿನ ಸಾಲಿನಲ್ಲಿದ್ದಳು. ವೇಡ್ ಅವಳ ಹಿಂದಿನ ಸಾಲಿನಲ್ಲಿ ಕೂತು, ಅವಳ ಹೆಗಲ ಮೇಲೆ ಕೈ ಇಟ್ಟಿದ್ದ. ಸಮಿತಿಯವರು ಬಾಯಿ ತೆರೆಯುವ ಮೊದಲೇ ಹುಲ್ಡಾ ಎದ್ದಳು. ರೈಫಲಿನ ಕೆಳಗಿನ ಅರ್ಧವನ್ನು ಮೇಜಿನ ಮೇಲೆ ಇಡಿಸಿದಳು.

"ಇದನ್ನ ಕೆಡಿಸಿದೋರು ಯಾರು ಅಂತ ಎರಡು ದಿನದಿಂದ ನೀವೆಲ್ಲ ಕೇಳ್ತಿದೀರಿ," ಎಂದಳು. "ಅಲ್ಲೇ ದಾರಿ ತಪ್ಪಿದ್ದು. ಕೆಡಿಸೋನು ಅರದಲ್ಲಿ ಎರಡು ಸಲ ಉಜ್ಜಿ ಎದ್ದು ಹೋಗ್ತಾನೆ. ಈ ಕೊಕ್ಕೆ ನೋಡಿ. ಮುಖ ನೋಡ್ಕೋಬಹುದು, ಹಾಗೆ ಉಜ್ಜಿದಾರೆ. ಸಾಯಂಕಾಲಗಟ್ಟಲೆ ಕೂತು ಮಾಡಿದ ಕೆಲಸ. ಆಮೇಲೆ ಗ್ರೀಸು ಹಚ್ಚಿದಾರೆ. ಹಾಳು ಮಾಡಬೇಕು ಅಂತ ಕೂತೋನು ಗ್ರೀಸು ಹಚ್ತಾನಾ? ಇದನ್ನ ಮಾಡಿದೋರಿಗೆ ಈ ರೈಫಲ್ ಗೆಲ್ಲಬೇಕಿತ್ತು."

ಹುಲ್ಡಾ ಒಂದೊಂದಾಗಿ ಎಣಿಸಿದಳು. ಗೋಡೆಯ ಮೇಲಿನ ತೂಕದ ಧೂಳು ಹೋಗಿತ್ತು. ಅಂದರೆ ಮಾಡಿದವನು ಅಲ್ಲೇ ಕೂತು ತೂಗಿ ತೂಗಿ ನೋಡಿದ್ದ, ಪಂದ್ಯದ ಬೆಳಿಗ್ಗೆ ಪಾಸಾಗಲಿ ಎಂದು. ಗ್ರೀಸು ಲೊವೆಲ್‌ನ ಡಬ್ಬಿಯದು, ಅದು ತಂಡದವರೆಲ್ಲರ ಹತ್ತಿರವೂ ಇದೆ. ಆದರೆ ಒಳಗಿನ ಗೋಡೆಯ ಮೇಲೆ ಬಡಿತದ ಗುರುತಿದೆ. ಲೊವೆಲ್ ಆಗಲಿ ಆಲ್ಮಾ ಆಗಲಿ ಸುತ್ತಿಗೆಗೆ ಹೆಬ್ಬೆರಳು ಕೊಡದೆ ಟ್ರಿಗರ್ ಎಳೆಯುವವರಲ್ಲ. ನಿದ್ದೆಯಲ್ಲೂ ಅವರ ಕೈ ಅದನ್ನು ಮರೆಯುವುದಿಲ್ಲ. ಮಾಡಿದವನು ಗುರಿ ಬಲ್ಲವನು, ಗ್ರೀಸು ಬಲ್ಲವನು, ಕೆಲಸ ಬಲ್ಲವನಲ್ಲ.

"ಹಾಗಾದ್ರೆ ನಾನು," ಎಂದ ಡಾರೆಲ್, ತುಸು ನಗುತ್ತ.

"ವೇಡ್ ಗೆಲ್ಲಲಿ ಅಂತ ನೀನು ಸಾಯಂಕಾಲವೆಲ್ಲ ಕೂತು ಉಜ್ತೀಯಾ, ಮಗಾ?"

ಜನ ನಕ್ಕರು. ಡಾರೆಲ್ ಕೂತ.

"ಕಳೆದ ವಾರ ದಿನಾ ಸಾಯಂಕಾಲ ಒಬ್ಬ ಅಭ್ಯಾಸ ಅಂತ ಇಲ್ಲಿಗೆ ಬಂದ," ಎಂದಳು ಹುಲ್ಡಾ. "ಆದ್ರೆ ರಾಯ್ಸ್‌ಗೆ ಒಂದು ಗುಂಡಿನ ಸದ್ದೂ ಕೇಳಲಿಲ್ಲ. ಎಷ್ಟು ತಣ್ಣಗಿತ್ತು ಅಂದ್ರೆ, ಸದ್ದಿಗೆ ಬೆದರೋ ಹೋರೀನ ದಿಬ್ಬದ ಹಿಂದೆ ಮೇಯಕ್ಕೆ ಬಿಟ್ಟ. ಗುಂಡು ಹಾರಿಸದೆ ಏನು ಅಭ್ಯಾಸ ಮಾಡ್ತಿದ್ದೆ, ವೇಡ್?"

ಆಲ್ಮಾಳ ಹೆಗಲ ಮೇಲಿದ್ದ ಕೈ ಮೆಲ್ಲಗೆ ಹಿಂದೆ ಸರಿಯಿತು. ಅವಳು ತಿರುಗಿ ನೋಡಲಿಲ್ಲ.

ವೇಡ್ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡ. ಆಮೇಲೆ ಬಾಯಿಬಿಟ್ಟ. ಪಂದ್ಯದ ಕಪ್ ಗೆದ್ದಾಗಲೆಲ್ಲ ಊರಿನವರು ತನ್ನ ಕೈ ಕುಲುಕಿ ಅವಳ ಟ್ರಿಗರ್ ಹೊಗಳುತ್ತಿದ್ದರು. ದಿನಸಿ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ತನ್ನ ಸ್ವಂತ ತಾಯಿ ಕೂಡ. ಈ ಸಲ ತಾನೇ ಉಜ್ಜಿದ ಟ್ರಿಗರಿನಲ್ಲಿ ಗೆದ್ದು, ಪಂದ್ಯದ ನಂತರದ ಊಟದಲ್ಲಿ ಎದ್ದು ನಿಂತು ಹೇಳಬೇಕು ಎಂದುಕೊಂಡಿದ್ದ. ಎರಡು ಸದ್ದು ಬಂದ ಆ ಕ್ಷಣವೇ ತನಗೆಲ್ಲ ತಿಳಿಯಿತು ಎಂದ.

"ತಿಳಿದ ಮೇಲೆ?" ಎಂದು ಕೇಳಿದವನು ಲೊವೆಲ್.

"ಅವಳ ಕೆಲಸ ಕೆಟ್ಟಿತು ಅಂತ ಎಲ್ರೂ ಅಂದ್ರು." ವೇಡ್ ನೆಲ ನೋಡುತ್ತಿದ್ದ. "ಆ ಮಾತು ಕೇಳೋಕೆ... ಒಂದೆರಡು ದಿನ ಕೇಳೋಣ ಅನ್ನಿಸ್ತು."

ಸಮಿತಿ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಆಲ್ಮಾಳ ಮೇಲಿನ ಮಾತನ್ನು ಕೈಬಿಟ್ಟರು. ವೇಡ್ ಇನ್ನು ಬಂದೂಕು ಹಿಡಿದು ಆ ದಿಬ್ಬದ ಮುಂದೆ ನಿಲ್ಲುವಂತಿಲ್ಲ ಎಂದರು. ರಾಯ್ಸ್ ಆಲ್ಮಾಳ ಹತ್ತಿರ ಹೋಗಿ ಟೋಪಿ ತೆಗೆದು ನಿಂತ.

ಕ್ಲೆಮ್ ಪಿಕಪ್ಪನ್ನು ಮನೆಯ ಕಡೆ ತಿರುಗಿಸಿದ. ಆಲ್ಮಾಳ ಗಂಡನ ಮೇಲೆ ಅನುಮಾನ ಹೇಗೆ ಬಂತು ಎಂದು ಕೇಳಿದ. ಗುರುತು, ಗ್ರೀಸು, ಧೂಳು ಎಲ್ಲ ತಾನೂ ನೋಡಿದ್ದನಲ್ಲ.

"ನೀನು ನೋಡಿದ್ದು ಲೊವೆಲ್‌ನ ಮುಖ," ಎಂದಳು ಹುಲ್ಡಾ. "ಹೊಟ್ಟೆಕಿಚ್ಚು ಅಂದ್ರೆ ವೈರಿಗಳಿಗೆ ಬರೋದು ಅಂತ ಎಲ್ರೂ ತಿಳ್ಕೊಂಡಿದಾರೆ. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮುಂದೆ ಕೂತು ನೀನು ತಟ್ಟೆ ದೂರ ತಳ್ಳಿದಾಗ ಗೊತ್ತಾಯ್ತು ಮಾರಾಯ. ಹತ್ರ ಇದ್ದೋರಿಗೇ ಅದು ಜಾಸ್ತಿ ಸುಡೋದು."

ಕ್ಲೆಮ್ ಕಣ್ಣನ್ನು ರಸ್ತೆಯಿಂದ ತೆಗೆಯಲಿಲ್ಲ.

ಗುರುವಾರ ಹುಲ್ಡಾ ಆಲ್ಮಾಳಿಗೆಂದು ಸೇಬಿನ ಕೇಕು ಬೇಯಿಸಿದಳು. ಕ್ಲೆಮ್ ಅವಳನ್ನು ಕರೆದುಕೊಂಡು ಹೋದ. ಅಂಗಡಿಯ ಮುಂದೆ ವೇಡ್‌ನ ಗಾಡಿ ನಿಂತಿತ್ತು. ಹಿಂದೆ ಎರಡು ಪೆಟ್ಟಿಗೆ, ಒಂದು ಹಾಸಿಗೆಯ ಸುರುಳಿ. ನೆಬ್ರಾಸ್ಕಾದ ಅಣ್ಣನ ಮನೆಗೆ ಹೊರಟಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಅವನು ಅಂಗಡಿಯ ಬಾಗಿಲಲ್ಲಿ ನಿಂತಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ಆಲ್ಮಾ ದೀಪದ ಕೆಳಗೆ ಆ ಕೊಕ್ಕೆಯನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಇಬ್ಬರು ಮುದುಕರು ಬಂದು ನಿಂತದ್ದು ಅವರಿಬ್ಬರಿಗೂ ತಿಳಿಯಲಿಲ್ಲ.

"ಒಂದು ಹೇಳು," ಎಂದ ವೇಡ್. "ಎಳೆತ ಹೇಗಿತ್ತು? ಕೆಲಸ ಅಂತ ನೋಡಿದ್ರೆ."

ಆಲ್ಮಾ ಅಂಚನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದಳು. ಕೊಕ್ಕೆಯನ್ನು ಬಟ್ಟೆಯ ಮೇಲೆ ಇಟ್ಟಳು.

"ನಂದಕ್ಕಿಂತ ಮೆತ್ತಗಿತ್ತು. ಅಷ್ಟು ಮೆತ್ತಗೆ ಮಾಡೋಕೆ ನಂಗೂ ಬರುತ್ತೆ, ವೇಡ್. ಹೆದರಿಕೆ ಆಗಿ ನಿಲ್ಲಿಸ್ತೀನಿ."

ಅವನು ತಲೆಯಾಡಿಸಿದ. ತಿರುಗಿದಾಗ ಕಂಡ ಹುಲ್ಡಾಳಿಗೆ ಟೋಪಿ ಮುಟ್ಟಿ ವಂದಿಸಿ, ಗಾಡಿ ಹತ್ತಿ, ಪೂರ್ವದ ರಸ್ತೆ ಹಿಡಿದು ವೇಡ್ ಹೋದ. ಅವನು ಹೋದದ್ದು ಗುರುವಾರ, ಮಧ್ಯಾಹ್ನಕ್ಕೆ ಮುಂಚೆ.